ಪಿ.ಬಿ. ರಸ್ತೆಯ ನಮ್ಮ ಕಚೇರಿ ಕಟ್ಟಡದ ಅಂಗಳಕ್ಕೆ ಹುಲ್ಲುಹಾಸೋ, ನೆರಳೋ?

ಮೊದಲ ಮಹಡಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಗೆ ಮುಖ ಮಾಡಿರುವ ನಾಲ್ಕು ಮಹಡಿಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ನಮ್ಮ ತೆರಿಗೆ ಸಲಹಾ ಕಚೇರಿ ಇದೆ. ನೆಲಮಹಡಿಯಲ್ಲಿ ಬ್ಯಾಂಕ್, ನಮ್ಮ ಪಕ್ಕದಲ್ಲಿ ವಕೀಲರು, ಎರಡನೇ ಮಹಡಿಯಲ್ಲಿ ರಕ್ತಪರೀಕ್ಷೆಯ ಪ್ರಯೋಗಾಲಯ, ಅದರ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರ. ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ರಾತ್ರಿಯವರೆಗೆ ಜನರ ಓಡಾಟ ನಿಲ್ಲುವುದಿಲ್ಲ.

ಕಟ್ಟಡದ ಸುತ್ತಲಿನ ಅಂಗಳವನ್ನು ಹೊಸದಾಗಿ ಮಾಡಿಸಲು ಮಾಲೀಕರೂ ಬಾಡಿಗೆದಾರರ ಸಂಘವೂ ಒಪ್ಪಿವೆ. ಹಣಕ್ಕೂ ದಾರಿಯಾಗಿದೆ. ಗುತ್ತಿಗೆದಾರರು ತಂದ ನಕ್ಷೆಯಲ್ಲಿ ಮುಂಭಾಗಕ್ಕೆ ಎರಡು ಸಾವಿರ ಚದರ ಅಡಿ ಹುಲ್ಲುಹಾಸು, ಅದರ ನಡುವೆ ಕಾರಂಜಿ, ಗೇಟಿನ ಎರಡೂ ಬದಿಗೆ ರಾಯಲ್ ಪಾಮ್ ಸಾಲು, ಉಳಿದ ಜಾಗಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್ ಇವೆ. ಪಶ್ಚಿಮದ ಬದಿಯಲ್ಲಿರುವ ಮೂರು ಹಳೆಯ ಹೊಂಗೆ ಮರಗಳು ಆ ನಕ್ಷೆಯಲ್ಲಿಲ್ಲ. ಎಲೆ ಉದುರಿ ಕಸವಾಗುತ್ತದೆ, ಬೋರ್ಡುಗಳು ರಸ್ತೆಗೆ ಕಾಣುವುದಿಲ್ಲ ಎಂಬುದು ಅವನ್ನು ತೆಗೆಯಲು ಕೊಟ್ಟಿರುವ ಕಾರಣ.

ಈ ಅಂಗಳವನ್ನು ಬಳಸುವವರು ಯಾರು ಎಂದು ಯಾರೂ ಕೇಳಿಲ್ಲ, ಅದೇ ನನ್ನ ಸಂಕಟ. ಕಚೇರಿಯಲ್ಲಿ ಕೂರುವ ನಮಗೆ ಒಳಗೆ ಫ್ಯಾನ್ ಇದೆ. ಹೊರಗೆ ನಿಲ್ಲುವವರು ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬಸ್ಸಿಳಿದು ಬಂದವರು. ಬ್ಯಾಂಕಿನಲ್ಲಿ ಟೋಕನ್ ಹಿಡಿದವರು, ಊಟಕ್ಕೆ ಮೊದಲೊಮ್ಮೆ ಊಟದ ನಂತರವೊಮ್ಮೆ ರಕ್ತ ಕೊಡಬೇಕಾದವರು, ಮಗ ಪರೀಕ್ಷೆ ಬರೆದು ಬರಲಿ ಎಂದು ಕಾಯುವ ತಂದೆಯಂದಿರು. ಇವರೆಲ್ಲ ಹೊಂಗೆಯ ಕೆಳಗೆ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಕೂರುತ್ತಾರೆ. ಏಪ್ರಿಲ್‌ನಲ್ಲಿ ಬಿಸಿಲು 38–39 ಡಿಗ್ರಿ ಮುಟ್ಟುವ ಊರಿನಲ್ಲಿ ಆ ಮರಗಳನ್ನು ತೆಗೆದು ಹುಲ್ಲು ಬೆಳೆಸುವುದು ನನಗೆ ಸರಿ ಕಾಣುತ್ತಿಲ್ಲ.

ಮೂರನೆಯ ಮರದ ಬುಡವನ್ನೊಮ್ಮೆ ನೋಡಬೇಕು. ಕಾಂಕ್ರೀಟು ತೊಗಟೆಗೇ ತಾಗಿ ನಿಂತಿದೆ. ಒಂದು ಕಡೆ ಕಾಂಡ ಉಬ್ಬಿ ಸಿಮೆಂಟಿನ ಅಂಚಿನ ಮೇಲೆ ಹೊರಳಿದೆ. ಇನ್ನೊಂದು ಕಡೆ ಬೇರು ಎದ್ದು ಕಾಂಕ್ರೀಟು ಸೀಳಿದೆ. ಆ ಸೀಳಿನಲ್ಲಿ ಬಸ್ ಟಿಕೆಟ್ಟು, ಗುಟ್ಕಾ ಪೊಟ್ಟಣ, ಒಣಗಿದ ಹೊಂಗೆಕಾಯಿ. ಅಷ್ಟು ಸಂದಿಯಲ್ಲಿ ಇಳಿದ ಮಳೆನೀರಿನಲ್ಲೇ ಅದು ಬದುಕಿದೆ, ಚಿಗುರಿದೆ, ನೂರಾರು ಜನರಿಗೆ ನೆರಳು ಕೊಟ್ಟಿದೆ.

ಸಂಘದ ಸಭೆ ಹತ್ತಿರದಲ್ಲಿದೆ. ಬರಿಗೈಯಲ್ಲಿ ಹೋಗಿ ‘ಮರ ಕಡಿಯಬೇಡಿ’ ಎಂದರೆ ಯಾರೂ ಕೇಳುವುದಿಲ್ಲ. ಬದಲಿ ಯೋಜನೆ ಕೈಯಲ್ಲಿರಬೇಕು. ಯಾವ ಗಿಡ, ಎಂಥ ಮಣ್ಣು, ನೀರು ಎಲ್ಲಿಂದ, ನೆಲಕ್ಕೆ ಏನು ಹಾಸಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಮಂಡಿಪೇಟೆ ವ್ಯಾಪಾರಿ

ಮೊದಲು ಒಂದು ಮಾತು. ಖಾಸಗಿ ಜಾಗದ ಮರವಾದರೂ ಮನಸ್ಸಿಗೆ ಬಂದಂತೆ ಕಡಿಯುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಅಧಿಕಾರಿಗೆ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು. ಗುತ್ತಿಗೆದಾರರು ಅದನ್ನು ನಿಮಗೆ ಹೇಳಿದ್ದಾರೆಯೇ? ಸಭೆಯಲ್ಲಿ ಮೊದಲ ಪ್ರಶ್ನೆ ಇದೇ ಆಗಲಿ.

ಮಾಲೀಕರ ಮನೆಯವನು

ಈ ಕಟ್ಟಡ ನಮ್ಮ ಕುಟುಂಬದ್ದು, ಆದ್ದರಿಂದ ನಮ್ಮ ಮಾತನ್ನೂ ಕೇಳಿ. ನಮಗೆ ಮರಗಳ ಮೇಲೆ ದ್ವೇಷವಿಲ್ಲ. ಆ ಹೊಂಗೆಗಳು ನಮ್ಮ ತಾತ ಇದ್ದಾಗಿನವು. ಆದರೆ ಬಾಡಿಗೆಗೆ ಬರುವವರು ಮೊದಲು ಕಟ್ಟಡದ ಮುಖ ನೋಡುತ್ತಾರೆ. ಹದಡಿ ರಸ್ತೆಯಲ್ಲಿ, ಶಾಮನೂರು ರಸ್ತೆಯಲ್ಲಿ ಗಾಜಿನ ಹೊಸ ಕಟ್ಟಡಗಳು ಎದ್ದಿವೆ. ಅವುಗಳ ಮುಂದೆ ಹಸಿರು ಹುಲ್ಲು, ದೀಪ, ಕಾರಂಜಿ. ನಮ್ಮಲ್ಲಿ ಮೇಲಿನ ಮಹಡಿಯ ಅರ್ಧ ಭಾಗ ಖಾಲಿ ಬಿದ್ದಿದೆ. ಬ್ಯಾಂಕಿನವರು ಬೋರ್ಡು ಕಾಣುವುದಿಲ್ಲವೆಂದು ಲಿಖಿತವಾಗಿಯೇ ದೂರು ಕೊಟ್ಟಿದ್ದಾರೆ. ಮರದಡಿ ನಿಲ್ಲಿಸಿದ ಕಾರುಗಳ ಮೇಲೆ ಕಾಗೆ, ಗೊರವಂಕಗಳ ಹಿಕ್ಕೆ ಬೀಳುತ್ತದೆ ಎಂದು ದಿನವೂ ಜಗಳ. ಇದಕ್ಕೆಲ್ಲ ಉತ್ತರವಿರುವ ಯೋಜನೆ ತಂದರೆ ನಾನು ಅಪ್ಪಾಜಿಯವರ ಮುಂದೆ ನಿಮ್ಮ ಪರವಾಗಿಯೇ ಮಾತನಾಡುತ್ತೇನೆ.

ತೋಟಗಾರಿಕೆ ನಿವೃತ್ತ

ಮಾಲೀಕರ ಮನೆಯವರು ಇಷ್ಟು ತೆರೆದ ಮನಸ್ಸಿನಿಂದ ಬರೆದದ್ದು ಸಂತೋಷ. ಬೋರ್ಡಿನ ವಿಷಯಕ್ಕೆ ಮರ ಕಡಿಯಬೇಕಾಗಿಲ್ಲ, ಕೆಳಗಿನ ಕೊಂಬೆ ಸವರಿದರೆ ಸಾಕು. ನೆಲದಿಂದ ಹತ್ತು ಹನ್ನೆರಡು ಅಡಿಯವರೆಗಿನ ಕೊಂಬೆಗಳನ್ನು ಹಂತಹಂತವಾಗಿ ತೆಗೆದು ಮರದ ತಲೆಯನ್ನು ಮೇಲಕ್ಕೆತ್ತಿ. ಬೋರ್ಡು ಕೊಂಬೆಯ ಕೆಳಗೆ ಸ್ಪಷ್ಟವಾಗಿ ಕಾಣುತ್ತದೆ, ನೆರಳು ಹಾಗೆಯೇ ಉಳಿಯುತ್ತದೆ. ಒಂದೇ ಸಲಕ್ಕೆ ಬೋಳು ಮಾಡಬೇಡಿ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆದರೆ ಮರ ಸೊರಗುತ್ತದೆ. ಕೊಂಬೆಯನ್ನು ಕಾಂಡಕ್ಕೆ ಕೂಡುವ ಉಬ್ಬಿನ ಹೊರಗೆ ಕತ್ತರಿಸಬೇಕು. ಉಬ್ಬನ್ನೇ ಸವರಿದರೆ ಗಾಯ ಮುಚ್ಚುವುದಿಲ್ಲ, ಅಲ್ಲಿಂದಲೇ ಟೊಳ್ಳು ಶುರುವಾಗುತ್ತದೆ. ಭಾರದ ಕೊಂಬೆಗೆ ಮೊದಲು ಅಡಿಯಿಂದ ಒಂದು ಗರಗಸದ ಗೆರೆ ಹಾಕಿ, ಆಮೇಲೆ ಮೇಲಿನಿಂದ ಕೊಯ್ಯಬೇಕು. ಇಲ್ಲವಾದರೆ ತೊಗಟೆ ಕಾಂಡದುದ್ದಕ್ಕೂ ಸುಲಿದು ಬರುತ್ತದೆ.

ಹೊಂಗೆಯ ಬಗ್ಗೆ ನಾಲ್ಕು ಮಾತು ಹೇಳದೆ ಇರಲಾರೆ. ನಮ್ಮ ಬಯಲುಸೀಮೆಯ ಪೇಟೆಗೆ ಇದಕ್ಕಿಂತ ಹೊಂದುವ ಮರ ಇಲ್ಲ. ಮಾಘ, ಫಾಲ್ಗುಣದ ಹೊತ್ತಿಗೆ ಎಲೆ ಉದುರಿಸಿ, ಬಿಸಿಲು ಏರುವ ಮೊದಲೇ ತಿಳಿಹಸಿರು ಚಿಗುರು ತೊಡುತ್ತದೆ. ಅಂದರೆ ನೆರಳು ಬೇಕಾದ ತಿಂಗಳುಗಳಲ್ಲಿ ಪೂರ್ತಿ ನೆರಳು ಸಿಗುತ್ತದೆ. ದ್ವಿದಳ ಜಾತಿಯಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ, ಕೆಳಗಿನ ಮಣ್ಣು ಕೆಡುವುದಿಲ್ಲ. ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಎಲೆಯ ಮೇಲೆ ಸಣ್ಣ ಗಂಟುಗಳು ಕಂಡರೆ ಹೆದರಬೇಡಿ, ಅದು ನುಸಿಯ ಕೆಲಸ. ಮರಕ್ಕೆ ಅದರಿಂದ ಪ್ರಾಣಾಪಾಯವಿಲ್ಲ, ಔಷಧ ಹೊಡೆಯುವ ಅಗತ್ಯವೂ ಇಲ್ಲ.

ಎಲೆ ಉದುರುವುದು ವರ್ಷಕ್ಕೆ ಕೆಲವು ವಾರ ಮಾತ್ರ. ಆ ಎಲೆಯನ್ನು ಸುಡದೆ ಹಿತ್ತಲಿನಲ್ಲಿ ಗುಂಡಿಗೆ ಹಾಕಿ, ಒಂದೆರಡು ಬುಟ್ಟಿ ಸಗಣಿ ಸೇರಿಸಿ ತೇವ ಇಟ್ಟರೆ ಅಂಗಳಕ್ಕೆ ಬೇಕಾದ ಗೊಬ್ಬರದ ದೊಡ್ಡ ಪಾಲು ಅಲ್ಲೇ ಸಿಗುತ್ತದೆ.

ರಾಯಲ್ ಪಾಮ್ ಬಗ್ಗೆ ನನ್ನ ಅಭಿಪ್ರಾಯ ನೇರ: ಬೇಡ. ನೆರಳಿಲ್ಲ. ಬೆಳೆದ ಮೇಲೆ ಅದರ ಗರಿ ಬುಡಸಮೇತ ಕಳಚಿ ಎತ್ತರದಿಂದ ಬೀಳುತ್ತದೆ, ಆ ಭಾರ ಕಾರಿನ ಗಾಜು ಒಡೆಯಲು ಸಾಕು. ಜನ ಓಡಾಡುವ ಗೇಟಿನ ಬದಿಗೆ ಅದನ್ನು ನೆಡುವವರು ಹತ್ತು ವರ್ಷದ ಮುಂದಿನದನ್ನು ನೋಡಿಲ್ಲ.

ಎರಡನೇ ಮಹಡಿ ಸಿಬ್ಬಂದಿ

ನಾನು ಇದೇ ಕಟ್ಟಡದ ಪ್ರಯೋಗಾಲಯದಲ್ಲಿ ರಕ್ತದ ಮಾದರಿ ತೆಗೆಯುವ ಕೆಲಸದಲ್ಲಿದ್ದೇನೆ. ಮೊದಲ ಮಹಡಿಯ ಸರ್ ಬರೆದದ್ದು ಅಕ್ಷರಶಃ ನಿಜ. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಬಂದು ಒಮ್ಮೆ ರಕ್ತ ಕೊಡುತ್ತಾರೆ, ತಿಂಡಿ ತಿಂದು ಎರಡು ಗಂಟೆಯ ನಂತರ ಮತ್ತೆ ಬರಬೇಕು. ಆ ಎರಡು ಗಂಟೆ ಅವರು ಎಲ್ಲಿ ಹೋಗಬೇಕು? ನಮ್ಮ ಒಳಗಿನ ಕುರ್ಚಿಗಳು ಬೆಳಿಗ್ಗೆಯೇ ತುಂಬಿರುತ್ತವೆ. ವಯಸ್ಸಾದವರು ಮತ್ತೆ ಮೆಟ್ಟಿಲು ಹತ್ತಿಳಿಯಲಾರದೆ ಮರದ ಕೆಳಗೇ ಕೂತು, ಮೊಮ್ಮಕ್ಕಳನ್ನು ‘ಹೋಗಿ ಕೇಳಿ ಬಾ’ ಎಂದು ಮೇಲಕ್ಕೆ ಕಳಿಸುತ್ತಾರೆ. ಬಿಸಿಲಿಗೆ ತಲೆಸುತ್ತಿ ಕುಸಿದವರನ್ನು ನಾವೇ ಎತ್ತಿ ಒಳಗೆ ಕರೆತಂದಿದ್ದೇವೆ.

ಯೋಜನೆಯಲ್ಲಿ ಬೆಂಚು ಇರಲಿ. ಬೆನ್ನಿಗೆ ಆಸರೆ, ಏಳುವಾಗ ಹಿಡಿಯಲು ಕೈ ಇರುವ ಬೆಂಚು. ಕಬ್ಬಿಣದ್ದು ಬೇಡ, ಬಿಸಿಲಿಗೆ ಕಾದರೆ ಕೂರಲಾಗುವುದಿಲ್ಲ. ಮತ್ತು ದಯವಿಟ್ಟು ಕಾರಂಜಿ ಬೇಡ. ಕರೆಂಟು ಹೋದಾಗ, ಮೋಟಾರು ಕೆಟ್ಟಾಗ ಅದರಲ್ಲಿ ನೀರು ನಿಲ್ಲುತ್ತದೆ. ಡೆಂಗಿ ಹರಡುವ ಸೊಳ್ಳೆಗೆ ನಿಂತ ತಿಳಿನೀರೇ ಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಮಳೆಗಾಲದಲ್ಲಿ ಡೆಂಗಿ ಪರೀಕ್ಷೆಗೆ ಬರುವವರ ಸಾಲನ್ನು ನಾನು ನೋಡುತ್ತಿದ್ದೇನೆ.

ಕೋಟೆ ಊರಿನವಳು

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನಿಮಗಿಂತ ನೀರಿನ ಬೆಲೆ ನಮಗೆ ಇನ್ನೂ ಚೆನ್ನಾಗಿ ಗೊತ್ತು. ನಿಮ್ಮಲ್ಲಿ ಭದ್ರಾ ನಾಲೆಯಾದರೂ ಇದೆ.

ಹುಲ್ಲುಹಾಸಿನ ಲೆಕ್ಕ ಹಾಕಿ ನೋಡಿ. ಎರಡು ಸಾವಿರ ಚದರ ಅಡಿ ಎಂದರೆ ಸುಮಾರು 186 ಚದರ ಮೀಟರ್. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ಚದರ ಮೀಟರಿಗೆ ದಿನಕ್ಕೆ ಐದು ಲೀಟರ್ ನೀರಾದರೂ ಬೇಕು. ದಿನಕ್ಕೆ 930 ಲೀಟರ್, ತಿಂಗಳಿಗೆ 28,000 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ತಿಂಗಳಿಗೆ ಐದಾರು ಬೇಕು. ಕುಡಿಯುವ ನೀರಿಗೆ ವಾರ್ಡಿನ ಜನ ಕೊಡ ಹಿಡಿದು ನಿಂತಿರುವಾಗ ಪಿ.ಬಿ. ರಸ್ತೆಯ ಅಂಚಿನಲ್ಲಿ ಹುಲ್ಲಿಗೆ ಟ್ಯಾಂಕರ್ ಸುರಿಯುವುದನ್ನು ನಿಮ್ಮ ಸಂಘ ಹೇಗೆ ಸಮರ್ಥಿಸಿಕೊಳ್ಳುತ್ತದೆ?

ಈಗ ಚಾವಣಿಯ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಚಾವಣಿ ನಾಲ್ಕು ಸಾವಿರ ಚದರ ಅಡಿ ಇದ್ದರೆ 372 ಚದರ ಮೀಟರ್ ಆಯಿತು. ವರ್ಷಕ್ಕೆ 600 ಮಿ.ಮೀ. ಮಳೆ ಹಿಡಿದು, ಐದರಲ್ಲೊಂದು ಪಾಲು ನಷ್ಟವೆಂದು ಬಿಟ್ಟರೂ ಒಂದೂಮುಕ್ಕಾಲು ಲಕ್ಷ ಲೀಟರ್ ದಾಟುತ್ತದೆ. ಇಷ್ಟೂ ಈಗ ಚರಂಡಿ ಸೇರುತ್ತಿದೆ. ಇಪ್ಪತ್ತು ಸಾವಿರ ಲೀಟರಿನ ಒಂದು ತೊಟ್ಟಿ ಕಟ್ಟಿಸಿ. ಒಟ್ಟು 70 ಮಿ.ಮೀ. ಮಳೆ ಬಂದರೆ ಅದು ತುಂಬುತ್ತದೆ, ಹಿಂಗಾರಿನ ಕೊನೆಯ ಮಳೆಯಲ್ಲಿ ತುಂಬಿಸಿ ಮುಚ್ಚಿಟ್ಟರೆ ಬೇಸಿಗೆಗೆ ಒದಗುತ್ತದೆ. ಹೊಸ ಸಸಿಯೊಂದಕ್ಕೆ ವಾರಕ್ಕೆರಡು ಸಲ ಇಪ್ಪತ್ತು ಲೀಟರ್ ಕೊಟ್ಟರೆ, ಏಳು ಸಸಿ ನೆಡುತ್ತೀರೆಂದು ಹಿಡಿದರೂ ವಾರಕ್ಕೆ 280 ಲೀಟರ್. ಫೆಬ್ರವರಿಯಿಂದ ಮೇ ಕೊನೆಯವರೆಗೂ ಐದು ಸಾವಿರ ಲೀಟರ್ ಮುಟ್ಟುವುದಿಲ್ಲ. ಉಳಿದದ್ದು ಪೊದೆಗಿಡಗಳಿಗೆ.

ತೊಟ್ಟಿ ತುಂಬಿ ಹೆಚ್ಚಾದ ನೀರನ್ನು ಬಿಟ್ಟುಬಿಡಬೇಡಿ. ನಮ್ಮ ಕೋಟೆಯಲ್ಲಿ ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿದು, ಅಲ್ಲಿ ತುಂಬಿದ್ದು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ ಹರಿಯುವಂತೆ ಪಾಳೆಯಗಾರರ ಕಾಲದಲ್ಲೇ ಕಟ್ಟಿದ್ದಾರೆ. ಒಂದರ ಕೋಡಿ ಇನ್ನೊಂದರ ಒಳಹರಿವು. ನಿಮ್ಮ ಅಂಗಳದಲ್ಲೂ ತೊಟ್ಟಿಯ ಕೋಡಿ ಮರದ ಪಾತಿಗೆ, ಪಾತಿಯ ಕೋಡಿ ಇಂಗುಗುಂಡಿಗೆ ಹೋಗುವಂತೆ ಇಳಿಜಾರು ಕೊಡಿಸಿ. ಪಾತಿ ನೆಲಮಟ್ಟದಿಂದ ಅರ್ಧ ಅಡಿ ತಗ್ಗಿನಲ್ಲಿರಲಿ. ಎಲ್ಲ ಕಡೆ ಪಾತಿಯನ್ನು ಎತ್ತರಿಸಿ ಕಟ್ಟೆ ಕಟ್ಟುವ ರೂಢಿಯಿಂದ ಬಿದ್ದ ಮಳೆ ಒಂದು ಹನಿಯೂ ಗಿಡಕ್ಕೆ ಸೇರುತ್ತಿಲ್ಲ.

ಮೊದಲ ಮಹಡಿ

ಮೇಡಂ, ಇಂಥ ಲೆಕ್ಕವೇ ನನಗೆ ಬೇಕಾಗಿತ್ತು. ಸಭೆಯಲ್ಲಿ ಇದನ್ನು ಹೀಗೆಯೇ ಓದುತ್ತೇನೆ. ಕಟ್ಟಡದಲ್ಲಿರುವ ಹವಾನಿಯಂತ್ರಣ ಯಂತ್ರಗಳಿಂದ ತೊಟ್ಟಿಕ್ಕುವ ನೀರು, ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಬಿಡುವ ನೀರು ಎರಡೂ ಈಗ ಗೋಡೆಯ ಮೇಲೆ ಹರಿದು ಪಾಚಿ ಕಟ್ಟುತ್ತಿವೆ. ಅವನ್ನು ಗಿಡಕ್ಕೆ ಬಿಡಬಹುದೇ?

ತೋಟಗಾರಿಕೆ ನಿವೃತ್ತ

ಹವಾನಿಯಂತ್ರಣದ ನೀರು ಗಾಳಿಯ ತೇವ ತಣಿದು ಆದದ್ದು, ಅದರಲ್ಲಿ ಉಪ್ಪಿಲ್ಲ. ಧಾರಾಳವಾಗಿ ಬಿಡಿ. ಒಣ ಹವೆಯ ತಿಂಗಳುಗಳಲ್ಲಿ ಹೆಚ್ಚು ಸಿಗುವುದಿಲ್ಲ, ಅಷ್ಟೇ. ಶುದ್ಧೀಕರಣ ಯಂತ್ರ ಹೊರಹಾಕುವ ನೀರಿನಲ್ಲಿ ಮೂಲ ನೀರಿನ ಲವಣಗಳೆಲ್ಲ ಸಾಂದ್ರವಾಗಿರುತ್ತವೆ. ಬೋರ್‌ವೆಲ್ ನೀರೇ ಗಡಸಾಗಿರುವಲ್ಲಿ ಅದನ್ನು ಸತತವಾಗಿ ಒಂದೇ ಪಾತಿಗೆ ಬಿಟ್ಟರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿ ಎಲೆಯ ಅಂಚು ಸುಡುತ್ತದೆ. ಅದು ನೆಲ ತೊಳೆಯಲು, ಶೌಚಾಲಯಕ್ಕೆ ಹೋಗಲಿ.

ವಿದ್ಯಾನಗರದ ಸಿವಿಲ್ ಇಂಜಿನಿಯರ್

ನೆಲದ ವಿಷಯ ನಾನು ಹೇಳುತ್ತೇನೆ. ಪೂರ್ತಿ ಅಂಗಳಕ್ಕೆ ಟೈಲ್ಸ್ ಎಂದಾಗ ಗುತ್ತಿಗೆದಾರರು ಅದರಡಿ ಏನು ಹಾಕುತ್ತಾರೆ ಎಂದು ಕೇಳಿ. ಬಹಳ ಕಡೆ ಅಡಿಗೆ ಕಾಂಕ್ರೀಟು ಸುರಿದು, ಮೇಲೆ ಟೈಲ್ಸ್ ಕೂರಿಸಿ, ಸಂದುಗಳಿಗೂ ಸಿಮೆಂಟು ತುಂಬುತ್ತಾರೆ. ಅಲ್ಲಿಗೆ ನೀರು ಇಂಗುವ ದಾರಿ ಮುಚ್ಚಿತು. ಇಂಟರ್‌ಲಾಕ್ ಎಂಬ ಪದ್ಧತಿಯೇ ಜಲ್ಲಿ, ಮರಳಿನ ಹಾಸಿನ ಮೇಲೆ ಕೂರಬೇಕಾದದ್ದು. ಸಂದಿಗೆ ಒಣ ಮರಳು ಉಜ್ಜಿದರೆ ಸಾಕು, ಬಿಗಿಯಾಗುತ್ತದೆ, ನೀರೂ ಇಳಿಯುತ್ತದೆ, ಪೈಪು ಕೆಟ್ಟರೆ ಬಿಚ್ಚಿ ಮತ್ತೆ ಕೂರಿಸಬಹುದು. ನಡೆಯುವ ದಾರಿಗೆ 60 ಮಿ.ಮೀ. ದಪ್ಪ, ಕಾರು ಹರಿಯುವಲ್ಲಿ 80 ಮಿ.ಮೀ. ವಾಹನ ನಿಲ್ಲುವ ಜಾಗಕ್ಕೆ ತೂತಿರುವ ಟೈಲ್ಸ್ ಸಿಗುತ್ತವೆ, ತೂತಿನಲ್ಲಿ ಗರಿಕೆ ಬೆಳೆಯುತ್ತದೆ.

ಇಂಗುಗುಂಡಿ ತೋಡುವ ಮೊದಲು ಮಣ್ಣು ನೋಡಿ. ದಾವಣಗೆರೆಯಲ್ಲಿ ಒಂದು ಬೀದಿ ಕೆಂಪು ಮಣ್ಣು, ಮುಂದಿನದು ಎರೆ, ಅಂದರೆ ಕಪ್ಪು ಮಣ್ಣು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ನೀರನ್ನು ಕೆಳಗೆ ಬಿಡುವುದೇ ಇಲ್ಲ. ಅಂಥಲ್ಲಿ ಗುಂಡಿ ಎರೆಯ ಪದರ ದಾಟಿ ಗರಸಿನವರೆಗೆ ಇಳಿಯಬೇಕು. ಕಟ್ಟಡದ ಪಾಯದಿಂದ ದೂರವಿಡಿ. ಎರೆಯಲ್ಲಿ ಪಾಯದ ಬಳಿ ನೀರು ನಿಂತರೆ ಗೋಡೆ ಬಿರುಕು ಬಿಡುತ್ತದೆ.

ಹೊಂಗೆಯ ಬುಡದ ಕಾಂಕ್ರೀಟನ್ನು ತೆಗೆಯಲೇಬೇಕು. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಸುತ್ತ ಒಂದು ಮೀಟರ್ ಜಾಗದಿಂದ ಕಾಂಕ್ರೀಟು ತೆಗೆಯುವಂತೆ ಆದೇಶಿಸಿತ್ತು. ಅದು ಕನಿಷ್ಠ ಅಳತೆ ಎಂದು ಹಿಡಿಯಿರಿ. ಜೆಸಿಬಿ ತರಿಸಬೇಡಿ, ಒಂದು ಹಲ್ಲು ತಾಗಿದರೆ ದಪ್ಪ ಬೇರು ಹರಿಯುತ್ತದೆ. ಉಳಿ, ಸುತ್ತಿಗೆ ಹಿಡಿದು ಕೈಯಲ್ಲೇ ಒಡೆಸಿ. ಕೂಲಿ ಹೆಚ್ಚಾದರೂ ಮರ ಉಳಿಯುತ್ತದೆ.

ಹೊನ್ನಾಳಿಯವನು

ಒಂದು ವಿಷಯವನ್ನು ಯಾರೂ ಎತ್ತಲಿಲ್ಲ. ನನ್ನ ತಾಯಿ ಗಾಲಿಕುರ್ಚಿಯಲ್ಲಿದ್ದಾರೆ. ನಿಮ್ಮಂಥ ಕಟ್ಟಡಗಳ ಮುಂದೆ ಹುಲ್ಲು, ಕಾರಂಜಿ, ದೀಪ ಎಲ್ಲ ಇರುತ್ತದೆ. ಬಾಗಿಲಿಗೆ ಮಾತ್ರ ಮೆಟ್ಟಿಲು. ಪಿಂಚಣಿಗಾಗಿ ಬ್ಯಾಂಕಿಗೆ ಕರೆದೊಯ್ದಾಗ ಅಪರಿಚಿತರು ನಾಲ್ಕು ಜನ ಸೇರಿ ಕುರ್ಚಿ ಎತ್ತಬೇಕು. ಅಮ್ಮ ಆಗ ಕಣ್ಣು ಮುಚ್ಚಿಕೊಳ್ಳುತ್ತಾರೆ.

ವಿದ್ಯಾನಗರದ ಸಿವಿಲ್ ಇಂಜಿನಿಯರ್

ಸರ್, ನೀವು ಬರೆದದ್ದು ಈ ಚರ್ಚೆಯ ಮೊದಲ ಸಾಲಿನಲ್ಲಿರಬೇಕಾದ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರಿಂದ ಜಾರಿಯಲ್ಲಿದೆ, ಸಾರ್ವಜನಿಕರು ಬಳಸುವ ಕಟ್ಟಡಕ್ಕೆ ಸುಗಮ ಪ್ರವೇಶ ಇರಲೇಬೇಕು. ಇಳಿಜಾರು ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿ ಎತ್ತರ. ಈ ಕಟ್ಟಡದ ಜಗಲಿ ಒಂದೂವರೆ ಅಡಿ ಎತ್ತರವಿದ್ದರೆ ಹದಿನೆಂಟು ಅಡಿ ಉದ್ದದ ಇಳಿಜಾರು ಬೇಕು. ಅಂಗಳವನ್ನು ಹೇಗೂ ಅಗೆಯುವಾಗಲೇ ಅದಕ್ಕೆ ಜಾಗ ಬಿಡಿ, ಆಮೇಲೆ ಸೇರಿಸಲು ಹೋದರೆ ಕಡಿದಾಗಿ ಕಟ್ಟುತ್ತಾರೆ, ಸ್ಕೂಟರ್ ಹತ್ತಿಸಲು ಮಾತ್ರ ಉಪಯೋಗವಾಗುತ್ತದೆ. ಎರಡೂ ಬದಿಗೆ ಹಿಡಿಕೆ, ಒರಟು ಮೈಯ ಕಲ್ಲು. ಹೊಂಗೆಯ ನೆರಳಿನಲ್ಲೇ ಅದು ಹಾದುಹೋದರೆ ಇನ್ನೂ ಒಳ್ಳೆಯದು.

ಮಾಲೀಕರ ಮನೆಯವನು

ಜಗಲಿ ಅಳೆಸಿದೆ, ಒಂದೂವರೆ ಅಡಿಗೆ ಸ್ವಲ್ಪ ಹೆಚ್ಚೇ ಇದೆ. ಇಳಿಜಾರು ಆಗುತ್ತದೆ, ಅದು ನನ್ನ ಮಾತು. ಹೊನ್ನಾಳಿಯ ಅಣ್ಣ, ಮುಂದಿನ ಸಲ ಅಮ್ಮನನ್ನು ಯಾರೂ ಎತ್ತುವಂತಾಗಬಾರದು.

ಆದರೆ ಪೂರ್ತಿ ಹುಲ್ಲು ಬಿಡಲು ಅಪ್ಪಾಜಿ ಒಪ್ಪುವುದು ಕಷ್ಟ. ಕಟ್ಟಡದ ಮುಂದೆ ಕಣ್ಣಿಗೆ ಹಸಿರು ಬೇಕೇ ಬೇಕು ಎನ್ನುತ್ತಾರೆ. ಇನ್ನೊಂದು ಭಯ ದನ, ಹಂದಿ. ನಮ್ಮ ಊರಿನಲ್ಲಿ ಗೊತ್ತಲ್ಲ, ಮೆತ್ತಗಿನ ಮಣ್ಣು ಕಂಡರೆ ರಾತ್ರೋರಾತ್ರಿ ಹಂದಿಗಳು ಉತ್ತುಬಿಡುತ್ತವೆ.

ತೋಟಗಾರಿಕೆ ನಿವೃತ್ತ

ಹಸಿರು ಎಂದರೆ ಹುಲ್ಲೇ ಆಗಬೇಕಿಲ್ಲ. ರಸ್ತೆಯಂಚಿನ ಪಟ್ಟಿಗೆ ನಂದಿಬಟ್ಟಲು, ದಾಸವಾಳ, ಕೇಪಳ, ಪಾರಿಜಾತ. ದಾಸವಾಳವನ್ನು ಮಾತ್ರ ದನಕ್ಕೆ ಎಟುಕದಂತೆ ಒಳಸಾಲಿಗೆ ಹಾಕಿ. ನಿತ್ಯಪುಷ್ಪವನ್ನು ಹೊರ ಅಂಚಿಗೆ ನೆಡಿ. ದನ ಮುಟ್ಟುವುದಿಲ್ಲ, ವರ್ಷವಿಡೀ ಹೂ, ನೀರು ಕಡಿಮೆ ಸಾಕು. ಕಣಗಿಲೆಯೂ ಬಿಸಿಲಿಗೆ ಗಟ್ಟಿ, ಆದರೆ ಅದರ ಎಲ್ಲ ಭಾಗವೂ ವಿಷ. ಮಕ್ಕಳು ಓಡಾಡುವಲ್ಲಿ ಬೇಡ. ಅಪ್ಪಾಜಿಯವರ ಮನಸ್ಸಿಗೆ ಬಾಗಿಲ ಮುಂದೆ ಸಣ್ಣ ತುಂಡು ಗರಿಕೆ ಹಾಸಿ. ನಮ್ಮ ನೆಲದ ಹುಲ್ಲು, ಬೇಸಿಗೆಯಲ್ಲಿ ಕಂದಿದರೂ ಮೊದಲ ಮಳೆಗೆ ಎದ್ದು ನಿಲ್ಲುತ್ತದೆ.

ಹೊಸ ಮರಗಳಿಗೆ ನನ್ನ ಆಯ್ಕೆ ಬೇವು ಎರಡು, ಬಕುಳ ಮೂರು, ಹೊಂಗೆ ಎರಡು. ಬಕುಳ ನಿಧಾನ, ಆದರೆ ವರ್ಷವಿಡೀ ದಟ್ಟ ನೆರಳು, ಹೂವಿನ ಪರಿಮಳ ಬೇರೆ. ಕಕ್ಕೆಯನ್ನು ಎಲ್ಲರೂ ಕೇಳುತ್ತಾರೆ. ಚಂದವೇನೋ ನಿಜ, ಆದರೆ ಏಪ್ರಿಲ್‌ನಲ್ಲಿ ಹೂ ಬಿಡುವಾಗ ಎಲೆ ಇರುವುದಿಲ್ಲ, ಕಾಯುವವರ ತಲೆಗೆ ನೆರಳು ಸಿಗದು. ಗುಲ್‌ಮೊಹರ್‌ನ ಕೊಂಬೆ ಗಾಳಿಮಳೆಗೆ ಮುರಿಯುತ್ತದೆ. ಕೊನೊಕಾರ್ಪಸ್ ಎಂಬ ವಿದೇಶಿ ಮರದ ಹೆಸರೂ ಎತ್ತಬೇಡಿ. ಅದರ ಬೇರು ಪೈಪು, ಚರಂಡಿ ಹೊಕ್ಕು ಹಾಳು ಮಾಡುತ್ತದೆ, ಪರಾಗದಿಂದ ಉಸಿರಿನ ತೊಂದರೆಯೂ ಆಗುತ್ತದೆಂದು ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಬೆಸ್ಕಾಂ ತಂತಿ ಹಾದಿರುವ ಕಡೆ ಬೇವು ನೆಟ್ಟರೆ ಪ್ರತಿ ವರ್ಷ ಅದರ ತಲೆ ಹಾರುತ್ತದೆ. ಅಲ್ಲಿ ಪಾರಿಜಾತದಂಥ ಗಿಡ್ಡ ಗಿಡ ಸಾಕು. ಮತ್ತು ಬಕುಳ ಬೆಳೆಯುವವರೆಗೆ ಕಾಯುವುದು ಬೇಡವೆಂದರೆ ನಡುವೆ ಒಂದೆರಡು ಗಸಗಸೆ ಹಣ್ಣಿನ ಮರ ಹಾಕಿ. ಎರಡು ಮೂರು ವರ್ಷಕ್ಕೇ ಕೊಡೆ ಬಿಚ್ಚಿದಂತೆ ಹರಡುತ್ತದೆ, ಮಕ್ಕಳಿಗೂ ಗಿಳಿಗಳಿಗೂ ಹಣ್ಣು. ಬಕುಳ ಎತ್ತರಕ್ಕೆ ಬಂದ ಮೇಲೆ ಅದನ್ನು ತೆಗೆಯಬಹುದು.

ಹಂದಿಗೆ ಉಪಾಯ ಬೇಲಿ ಒಂದೇ. ಎರಡು ಅಡಿ ಎತ್ತರದ ಗಟ್ಟಿ ಜಾಲರಿಯನ್ನು ಅರ್ಧ ಅಡಿ ನೆಲದೊಳಗೆ ಹೂತರೆ ಮೂತಿ ಹಾಕಿ ಎತ್ತಲಾಗುವುದಿಲ್ಲ.

ಚನ್ನಗಿರಿ ತೋಟ

ಬುಡಕ್ಕೆ ಹೊದಿಕೆ ಹಾಕುವುದನ್ನು ಮರೆಯಬೇಡಿ. ನಮ್ಮ ಕಡೆ ಅಡಿಕೆ ಸುಲಿದ ಸಿಪ್ಪೆಯನ್ನು ರಸ್ತೆ ಬದಿ ಸುರಿದು ಬೆಂಕಿ ಹಾಕುತ್ತಾರೆ, ಹೊಗೆಯಲ್ಲಿ ಬೈಕು ಓಡಿಸಲಾಗುವುದಿಲ್ಲ. ಅದೇ ಸಿಪ್ಪೆ ಮೂರು ನಾಲ್ಕು ಇಂಚು ದಪ್ಪ ಹರಡಿದರೆ ತೇವ ಆರುವುದಿಲ್ಲ, ಕಳೆ ಏಳುವುದಿಲ್ಲ. ನಿಧಾನವಾಗಿ ಕೊಳೆಯುವುದರಿಂದ ಬೇಗ ಬದಲಿಸಬೇಕಾಗಿಲ್ಲ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹಾಕಿ, ಗೆದ್ದಲಿಗೆ ಬೇವಿನ ಹಿಂಡಿ ಬೆರೆಸಿ. ಸಾಗಣೆ ಖರ್ಚು ನೋಡಿಕೊಂಡರೆ ಸಿಪ್ಪೆ ನಾನೇ ಕಳಿಸುತ್ತೇನೆ.

ಕಟ್ಟಡ ಕಟ್ಟುವಾಗ ಸುತ್ತ ತುಂಬಿದ ಮಣ್ಣನ್ನು ನಂಬಬೇಡಿ. ಇಟ್ಟಿಗೆ ಚೂರು, ಗಾರೆ, ಸುಣ್ಣ ಬಿಟ್ಟರೆ ಅದರಲ್ಲಿ ಏನೂ ಇರುವುದಿಲ್ಲ. ಗುಂಡಿಯಿಂದ ಅದನ್ನು ಹೊರಹಾಕಿ ಒಳ್ಳೆಯ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ.

ಮಂಡಿಪೇಟೆ ವ್ಯಾಪಾರಿ

ಗೇಟಿನ ಬಳಿ ಎಳನೀರು ಮಾರುವವರು, ಸಂಜೆ ಮಂಡಕ್ಕಿ ಮೆಣಸಿನಕಾಯಿ ಗಾಡಿಯವರು ಇದ್ದಾರಲ್ಲ, ಅವರ ಗತಿ ಏನು? ಹೊಸ ಅಂಗಳ ಎಂದ ಕೂಡಲೇ ಮೊದಲು ಎತ್ತಂಗಡಿ ಆಗುವವರು ಅವರೇ.

ಎರಡನೇ ಮಹಡಿ ಸಿಬ್ಬಂದಿ

ಅವರು ಇರಲೇಬೇಕು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದವರಿಗೆ ಹತ್ತಿರದಲ್ಲಿ ಏನಾದರೂ ಸಿಗುವುದು ಅಲ್ಲಿಯೇ. ಎಳನೀರಿನ ಅಜ್ಜ ದಿನವೂ ಎರಡು ಕೊಡ ನೀರು ತಂದು ಮೊದಲನೆಯ ಹೊಂಗೆಗೆ ಹೊಯ್ಯುವುದನ್ನು ನಮ್ಮ ಕಿಟಕಿಯಿಂದ ನಾನೇ ನೋಡಿದ್ದೇನೆ. ಆ ಮರಕ್ಕೆ ಅಷ್ಟು ಕಾಳಜಿ ಮಾಡಿದವರು ನಮ್ಮಲ್ಲಿ ಬೇರೆ ಯಾರೂ ಇಲ್ಲ.

ಮೊದಲ ಮಹಡಿ

ಸಭೆ ಮುಗಿಯಿತು. ಎರಡು ಗಂಟೆಯ ವಾದ. ಎಲ್ಲವೂ ನಮ್ಮಂತೆ ಆಗಲಿಲ್ಲ, ಆದರೆ ಆದದ್ದು ದೊಡ್ಡದು.

ಮೂರೂ ಹೊಂಗೆ ಉಳಿಯುತ್ತವೆ. ಬ್ಯಾಂಕಿನವರು ಕೊಂಬೆ ಸವರಿದ ಮೇಲೆ ಬೋರ್ಡು ನೋಡಿ ದೂರು ಹಿಂಪಡೆಯುವುದಾಗಿ ಹೇಳಿದ್ದಾರೆ. ಕಾರಂಜಿ ಹೋಯಿತು, ಆ ಹಣ ಮಳೆನೀರಿನ ತೊಟ್ಟಿಗೆ. ಟ್ಯಾಂಕರಿನ ಲೆಕ್ಕ ಓದಿದಾಗ ಇಡೀ ಕೋಣೆ ಸುಮ್ಮನಾಯಿತು. ಹುಲ್ಲು ಮುನ್ನೂರು ಚದರ ಅಡಿಗೆ ಇಳಿದಿದೆ, ಅದೂ ಗರಿಕೆ. ಇಳಿಜಾರು, ಹಿಡಿಕೆ ಮೊದಲ ಕೆಲಸ. ಬೆಂಚುಗಳು ಸಾದರಹಳ್ಳಿ ಕಲ್ಲಿನವು (ಬೂದು ಗ್ರಾನೈಟ್), ನಾಲ್ಕು, ನೆರಳಿನಲ್ಲಿ. ಕಾರುಗಳನ್ನು ಮರದಡಿಯಿಂದ ಉತ್ತರದ ಬದಿಗೆ ಸರಿಸುತ್ತಾರೆ, ಅಲ್ಲಿಗೆ ಹಿಕ್ಕೆಯ ಜಗಳವೂ ತೀರಿತು. ರಾಯಲ್ ಪಾಮ್ ವಿಷಯದಲ್ಲಿ ಮಾತ್ರ ಹಿರಿಯರು ಜಗ್ಗಲಿಲ್ಲ. ಗೇಟಿನ ಎರಡು ಕಡೆ ಒಂದೊಂದು ಬೇಕೇ ಬೇಕು ಎಂದರು. ಜನ ನಡೆಯುವ ದಾರಿಯಿಂದ ದೂರಕ್ಕೆ ನೆಡಲು ಒಪ್ಪಿಸಿದ್ದೇವೆ. ಎಳನೀರಿನವರಿಗೆ ಗೇಟಿನ ಒಳಗೇ ಜಾಗ ಗುರುತಿಸಿದ್ದಾರೆ, ಗಾಡಿಯವರ ಮಾತು ಇನ್ನೂ ಇತ್ಯರ್ಥವಾಗಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರತಿಯನ್ನು ಮುಂದಿನ ಸಭೆಗೆ ಒಯ್ಯುತ್ತೇನೆ.

ಸಸಿ ಯಾವಾಗ ತರಲಿ, ಎಷ್ಟು ದೊಡ್ಡದು ತರಲಿ?

ತೋಟಗಾರಿಕೆ ನಿವೃತ್ತ

ಗುಂಡಿಯನ್ನು ಏಪ್ರಿಲ್‌ನಲ್ಲೇ ತೋಡಿಸಿ ಬಿಸಿಲಿಗೆ ಬಿಡಿ, ಮೂರು ಅಡಿ ಉದ್ದ, ಅಗಲ, ಆಳ. ಮೇ ಕೊನೆಗೆ ಮಣ್ಣು ಗೊಬ್ಬರ ತುಂಬಿ, ಎರಡು ಹದ ಮಳೆ ಬಿದ್ದ ಮೇಲೆ ಜೂನ್‌ನಲ್ಲಿ ನೆಡಿ. ಐದಾರು ಅಡಿಯ, ಹೆಬ್ಬೆರಳು ದಪ್ಪದ ಕಾಂಡದ ಸಸಿ ಸಾಕು. ಹದಿನೈದು ಅಡಿಯ ಮರ ತಂದು ನೆಡುತ್ತೇವೆ ಎಂದು ಗುತ್ತಿಗೆದಾರರು ಆಸೆ ತೋರಿಸುತ್ತಾರೆ, ಒಪ್ಪಬೇಡಿ. ಬೇರು ಕತ್ತರಿಸಿ ತಂದವು ವರ್ಷಗಟ್ಟಲೆ ಚೇತರಿಸಿಕೊಳ್ಳುವುದಿಲ್ಲ. ಸಸಿಮಡಿಯಲ್ಲಿ ಕೊಳ್ಳುವ ಮೊದಲು ಒಂದು ಚೀಲವನ್ನು ಕೆಳಗಿನಿಂದ ಬಿಡಿಸಿ ನೋಡಿ. ಬೇರು ಚೀಲದೊಳಗೇ ಸುರುಳಿ ಸುತ್ತಿದ್ದರೆ ಆ ಸಾಲಿನ ಸಸಿಗಳನ್ನು ಬಿಟ್ಟು ಬೇರೆ ಕೇಳಿ. ನೆಟ್ಟ ದಿನವೇ ಊರುಗೋಲು ಕಟ್ಟಿ, ಬಿಗಿಯಾಗಿ ಅಲ್ಲ, ಎಂಟಂಕಿಯಾಕಾರದಲ್ಲಿ ಸಡಿಲವಾಗಿ. ಹೋಗುವ ದಿನ ತಿಳಿಸಿ, ನಾನೂ ಜೊತೆಗೆ ಬರುತ್ತೇನೆ.

ಮಾಲೀಕರ ಮನೆಯವನು

ಸರ್, ನಮ್ಮ ಗಾಡಿಯಲ್ಲೇ ಹೋಗೋಣ. ಅಡಿಕೆ ಸಿಪ್ಪೆಯನ್ನೂ ಅದೇ ಗಾಡಿಯಲ್ಲಿ ತರಬಹುದು. ಚನ್ನಗಿರಿಯವರೇ, ಯಾವ ವಾರ ಸುಲಿತ ಮುಗಿಯುತ್ತದೆ ಎಂದು ದಯವಿಟ್ಟು ಇಲ್ಲಿ ಬರೆಯಿರಿ.